ಗೋಲಿನ ಮುಂದಿನ ಗುಂಡಿಗಳು

ಬೆಂಗಳೂರಿನಲ್ಲಿ ನಡೆದ ದಕ್ಷಿಣ ಏಷ್ಯಾ ಫುಟ್‌ಬಾಲ್ ಕಪ್ಪನ್ನು ನಮ್ಮ ದೇಶವೇ ಗೆದ್ದಾಗ ನಾನೂ ಹಿಗ್ಗಿದ್ದೆ. ಆದರೆ ಆ ವಾರ ನೆನಪಾದರೆ ಈಗಲೂ ಸಿಟ್ಟು ಬರುತ್ತದೆ.

ಶಾಲೆಯಿಂದ ನಿವೃತ್ತನಾದ ಮೇಲೂ ನಾನು ಭೀಮರಾಯನಗುಡಿಯ ಮೈದಾನದಲ್ಲಿ ದಿನಾ ಬೆಳಿಗ್ಗೆ ಐದೂವರೆಗೆ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಿದ್ದೆ. ಭಾನುವಾರ ಅಲ್ಲೇ ಜಿಲ್ಲಾ ತಂಡದ ಆಯ್ಕೆ ಇತ್ತು. ಶನಿವಾರ ಹೋಗಿ ನೋಡಿದರೆ ಗೋಲಿನ ಮುಂದೆಯೇ ಶಾಮಿಯಾನ! ಕಂಬ ನೆಡಲು ಮೊಳ ಆಳದ ಗುಂಡಿ ತೋಡಿದ್ದರು.

"ಕಪ್ ಗೆದ್ದೀವಲ್ರಿ ಮಾಸ್ತರ್ರ, ವಿಜಯೋತ್ಸವ ಇಟ್ಟೀವಿ. ನಿಮಗೂ ಶಾಲು ಹಾಕ್ತೀವಿ," ಎಂದ ಊರಿನ ಪುಢಾರಿ.

"ಗೆದ್ದೋರು ಬೆಂಗಳೂರಾಗ ಅದಾರ. ನಾಳಿ ಆಡೋ ಹುಡುಗ್ಯಾರು ಇಲ್ಲಿ ಅದಾರ. ಗುಂಡ್ಯಾಗ ಕಾಲು ಮುರಕೊಂಡ್ರ ಅದಕ್ಕೂ ಶಾಲು ಹಾಕ್ತೀರೇನು?"

"ಸಿಟ್ಯಾಕ್ರಿ? ಸಂಜಿಕ ಎಲ್ಲಾ ಮುಚ್ಚಸ್ತೀವಿ."

ಸಮಾರಂಭಕ್ಕೆ ನಾನು ಹೋಗಲಿಲ್ಲ; ಶಾಲು ಮನೆಗೇ ಬಂತು. ಕಂಬ ಕಿತ್ತರು, ಗುಂಡಿ ಮುಚ್ಚಲಿಲ್ಲ. ಭಾನುವಾರ ಐದೂವರೆಗೆ ಹುಡುಗಿಯರು ಚೆಂಡು ಮುಟ್ಟದೆ ಪುಟ್ಟಿಯಲ್ಲಿ ಹಸಿ ಮಣ್ಣು ಹೊತ್ತರು. ಪುಟ್ಟಿ ಸಾಲದೆ ನಾನು ಆ ಶಾಲಿನಲ್ಲೇ ಹೊತ್ತೆ. ಒಂಬತ್ತಕ್ಕೆ ಆಯ್ಕೆಗಾರರು ಬಂದಾಗ ನೆಲ ಸಮವಾಗಿತ್ತು, ಹುಡುಗಿಯರ ಕಾಲು ಸೋತಿದ್ದವು. ಒಬ್ಬಳೂ ಆಯ್ಕೆಯಾಗಲಿಲ್ಲ.