ಸಾಕ್ಷಿ ಹುಡುಕಿಕೊಂಡು ಬಬಲೇಶ್ವರಕ್ಕೆ

ಧಾರವಾಡದಿಂದ ಹೊರಟ ಬಸ್ಸು ವಿಜಯಪುರ ಮುಟ್ಟಿದಾಗ ಆಗಷ್ಟೇ ಬೆಳಕು ಹರಿಯುತ್ತಿತ್ತು. ಇನ್ನೂರು ಕಿಲೋಮೀಟರಿನ ದಾರಿಗೆ ನಾನು ಕೊಟ್ಟದ್ದು ಏನೂ ಇಲ್ಲ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಈಗ ಆಧಾರ್ ಕಾರ್ಡು ತೋರಿಸಿದರೆ ಸಾಕು. ಜೂನ್ ಬಂದಿದ್ದರೂ ಮಳೆಯ ಸುದ್ದಿಯಿರಲಿಲ್ಲ. ನಿಲ್ದಾಣದ ಕಲ್ಲುಬೆಂಚು ಆ ಹೊತ್ತಿಗೇ ಬೆಚ್ಚಗಿತ್ತು.

ಸುಜಾತಾ ಏಳೂವರೆಯ ಹೊತ್ತಿಗೆ ಸಾರವಾಡದ ಬಸ್ಸಿನಿಂದ ಇಳಿದಳು. ಬಲಗೈಯನ್ನು ಬಿಳಿ ಬಟ್ಟೆಯ ಜೋಳಿಗೆಯಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದಳು. ಇಳಿಯುವಾಗ ಕಂಬಿ ಹಿಡಿಯಲು ಆಗದೆ ಒಂದು ಕ್ಷಣ ಮೆಟ್ಟಿಲ ಮೇಲೆ ನಿಂತಳು; ಹಿಂದಿನವರು ಗದರಿದರು. ನಾನು ಓಡಿಹೋಗಿ ಅವಳ ಚೀಲ ತೆಗೆದುಕೊಂಡೆ.

"ಬಂದೀ ಅಕ್ಕಾ," ಎಂದಳು. "ನಾ ಒಬ್ಬಾಕಿನ ಹೋದ್ರ ಅವರು ಮಾತಾಡಾಕ ಬಿಡೂದಿಲ್ಲ ನೋಡು. ಅದಕ್ಕ ನಿನ್ನ ಇಷ್ಟ ದೂರ ಕರಿಸಿದೆ."

ನಾವಿಬ್ಬರೂ ದೊಡ್ಡವರಿಗೆ ಓದು ಬರಹ ಕಲಿಸುವ ಅರೆಕಾಲಿಕ ಶಿಕ್ಷಕಿಯರು. ನಾನು ಧಾರವಾಡದ ಹೊರಗಿನ ಒಂದು ಬಡಾವಣೆಯಲ್ಲಿ ಹಗಲು ಬಟ್ಟೆ ಹೊಲಿಯುತ್ತೇನೆ, ಸಂಜೆ ಕಲಿಸುತ್ತೇನೆ. ಸುಜಾತಾ ಬಬಲೇಶ್ವರದಲ್ಲಿ ಕಲಿಸುತ್ತಿದ್ದಳು. ನಮ್ಮನ್ನು ನೇಮಿಸಿಕೊಂಡದ್ದು ಒಂದೇ ಖಾಸಗಿ ಸಂಸ್ಥೆ. ಕೆಲಸಕ್ಕೆ ಸೇರುವಾಗಿನ ತರಬೇತಿಯಲ್ಲಿ ಅವಳು, ನಾನು, ಟಿಕೋಟಾದ ಮಹಾದೇವಿ ಒಂದೇ ಕೋಣೆಯಲ್ಲಿದ್ದೆವು. ನಮಗೆ ಕೊಡುವುದನ್ನು ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ತಿಂಗಳಿಗೆ ಮೂರು ಸಾವಿರ. ಅದೂ ಬಂದಾಗ ಬಂತು. ಸೀಮೆಸುಣ್ಣ, ಬಲ್ಬು, ಕುಡಿಯುವ ನೀರು ನಮ್ಮದೇ ಜವಾಬ್ದಾರಿ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಓಡಾಟದ ಭತ್ಯೆಯನ್ನೂ ನಿಲ್ಲಿಸಿದರು. ಸುಜಾತಾಳನ್ನು ಅವಳ ಊರಾದ ಸಾರವಾಡದ ಕಲಿಕಾ ಕೇಂದ್ರದಿಂದ ಬಬಲೇಶ್ವರಕ್ಕೆ ಹಾಕಿದ್ದೂ ಆಗಲೇ.

ಅಲ್ಲಿ ಅವಳ ತರಗತಿ ನಡೆಯುತ್ತಿದ್ದದ್ದು ಒಂದು ಹಳೆಯ ಗೋದಾಮಿನಲ್ಲಿ. ಗೋಡೆ ಗಟ್ಟಿಯಿತ್ತು, ಮೇಲೆ ತಗಡು. ತಗಡು ಅಲುಗಾಡುತ್ತದೆ ಎಂದು ಅವಳು ಸಂಸ್ಥೆಯವರಿಗೆ ಎರಡು ಸಲ ಹೇಳಿದ್ದಳಂತೆ. ಮೇ ತಿಂಗಳ ಒಂದು ಸಂಜೆ ಗಾಳಿ ಎದ್ದು ತಗಡು ಕಿತ್ತು, ಅದರ ಜೊತೆ ಒಂದು ತೊಲೆಯೂ ಕೆಳಗೆ ಬಂತು. ಕಲಿಯುವ ಹೆಂಗಸರನ್ನೆಲ್ಲ ಬಾಗಿಲ ಕಡೆಗೆ ದೂಡಿ ಕೊನೆಗೆ ಉಳಿದವಳು ಸುಜಾತಾ. ತೊಲೆ ಅವಳ ಬಲಭುಜದ ಮೇಲೆ ಬಿತ್ತು. ವಿಜಯಪುರದ ಆಸ್ಪತ್ರೆಯಲ್ಲಿ ಒಳಗೆ ರಾಡು ಹಾಕಿದರು. ಅವಳ ಗಂಡ ಗೌಂಡಿ, ಗಾರೆ ಕೆಲಸದ ದಿನಗೂಲಿಯವನು. ಆಸ್ಪತ್ರೆಯ ಖರ್ಚನ್ನು ಸಂಸ್ಥೆ ಕೊಡಬೇಕು ಎಂದು ಕೇಳುವುದಕ್ಕೇ ನಾವು ಹೊರಟಿದ್ದು.

ನಿಲ್ದಾಣದ ಹೊರಗಿನ ಗಾಡಿಯಲ್ಲಿ ಒಗ್ಗರಣೆ ಹಾಕಿದ ಚುರುಮುರಿಯ ಸುಸಲಾ ಮತ್ತು ಮಿರ್ಚಿ ತಿಂದೆವು. ಎಡಗೈಯಲ್ಲಿ ಚಮಚ ಹಿಡಿದ ಸುಜಾತಾಳ ಸುಸಲಾ ಅರ್ಧ ಸೀರೆಯ ಮೇಲೆ ಬಿತ್ತು. ನಾನು ಒರೆಸಲು ಹೋದರೆ "ಬಿಡ ಅಕ್ಕಾ, ಮನ್ಯಾಗ ದಿನಾ ಇದ ಐತಿ" ಎಂದು ಕೈ ಸರಿಸಿದಳು.

ಸಂಸ್ಥೆಯ ಕಚೇರಿ ಅಥಣಿ ರಸ್ತೆಯ ಒಂದು ಹೊಸ ಬಡಾವಣೆಯ ಬಾಡಿಗೆ ಮನೆಯಲ್ಲಿತ್ತು. ಆಟೋದವನು ಅರವತ್ತು ರೂಪಾಯಿ ತೆಗೆದುಕೊಂಡ. ಸಂಯೋಜಕರು ಹನ್ನೊಂದಕ್ಕೆ ಬಂದರು. ಐವತ್ತರ ಆಸುಪಾಸಿನ, ಮೆದು ಮಾತಿನ ಮನುಷ್ಯ. ಚಹಾ ತರಿಸಿದರು, ಫ್ಯಾನು ನಮ್ಮ ಕಡೆ ತಿರುಗಿಸಿದರು. ಆಮೇಲೆ ಹೇಳಿದರು:

"ನೋಡ್ರಿ ಅಕ್ಕಾರ, ನನಗೂ ಭಾಳ ಕೆಟ್ಟ ಅನಸ್ತೈತಿ. ಆದ್ರ ನೀವು ನೌಕರರಲ್ರಿ, ಸ್ವಯಂಸೇವಕರು. ನೌಕರರಿಗೆ ಇರೂ ಅನುಕೂಲ ನಿಮಗ ಬರೂದಿಲ್ಲ."

"ಸ್ವಯಂಸೇವಕರ ಎಲುವು ಮುರಿಯೂದಿಲ್ಲೇನ್ರಿ?" ಎಂದೆ ನಾನು.

ಅವರು ಸಿಟ್ಟಾಗಲಿಲ್ಲ. "ಅದೂ ಅಲ್ದ, ಕ್ಲಾಸು ಮುಗದು ಎಲ್ಲಾರೂ ಮನಿಗೆ ಹೋದ ಮ್ಯಾಲ ಬಿದ್ದೈತಿ ಅಂತ ನಮಗ ಹೇಳ್ಯಾರ. ಕ್ಲಾಸಿನ ಹೊತ್ತಿನ್ಯಾಗ ಆಗಿದ್ರ ಮ್ಯಾಲಿನವರ ಹತ್ರ ನಾನ ಮಾತಾಡ್ತಿದ್ದೆ."

"ಯಾರ್ ಹಂಗ ಹೇಳಿದ್ರಿ?" ಸುಜಾತಾ ಕೇಳಿದಳು.

ಅವರು ಚಹಾದ ಕಪ್ಪುಗಳನ್ನು ಒಂದೆಡೆ ಸರಿಸಿದರು. "ನಮ್ಮ ಟೀಚರ್ ಯಾರರ ಕಣ್ಣಾರೆ ನೋಡಿದವರಿದ್ರ ಕರಕೊಂಡ ಬರ್ರಿ. ಅಲ್ಲಿ ಕಲಿಯೂ ಹೆಣಮಕ್ಕಳು ಬಂದು ಹೇಳಿದ್ರೂ ಆತು," ಎಂದು ಎದ್ದು ನಿಂತರು.

ಹೊರಗೆ ಬಂದಾಗ ಸುಜಾತಾಳ ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಆ ಸಂಜೆ ಮಹಾದೇವಿ ಅಲ್ಲಿಯೇ ಇದ್ದಳು. ಹೊಸ ಪುಸ್ತಕ ಕೊಡಲು ಟಿಕೋಟಾದಿಂದ ಬಂದವಳು, ಗಾಳಿ ನಿಲ್ಲಲೆಂದು ಕಾಯುತ್ತಿದ್ದಳು. "ತಗಡ ನನ್ನ ಮೈಮ್ಯಾಲಿಂದ ಎತ್ತಿದಾಕೀನ ಆಕಿ," ಎಂದಳು ಸುಜಾತಾ. "ಆಕಿ ಬಂದು ಒಂದ ಮಾತ ಹೇಳಿದ್ರ ಮುಗೀತು."

ಟಿಕೋಟಾ ಅದೇ ಅಥಣಿ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರು. ಬಸ್ಸಿನ ಕಿಟಕಿಯಿಂದ ಬರುವ ಗಾಳಿ ಒಲೆಯ ಬಾಯಿಂದ ಬಂದ ಹಾಗಿತ್ತು. ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟ, ನಡುನಡುವೆ ಹಸಿರು ಪರದೆ ಇಳಿಬಿಟ್ಟ ಒಣದ್ರಾಕ್ಷಿಯ ಶೆಡ್ಡುಗಳು. ಮಹಾದೇವಿ ಹಗಲು ಕೆಲಸ ಮಾಡುವುದು ಅಂಥ ಒಂದು ಶೆಡ್ಡಿನಲ್ಲಿ. ಅವಳ ಗಂಡ ಕುರಿ ಕಾಯುತ್ತಾನೆ. ವರ್ಷದಲ್ಲಿ ಹೆಚ್ಚು ಕಾಲ ಹಿಂಡಿನ ಜೊತೆ ಹೊರಗೇ ಇರುತ್ತಾನೆ. ಇಬ್ಬರು ಹೆಣ್ಣುಮಕ್ಕಳ ಶಾಲೆ, ಅತ್ತೆಯ ಔಷಧಿ ಎಲ್ಲವನ್ನೂ ಇವಳೇ ನೋಡಿಕೊಳ್ಳುತ್ತಾಳೆ.

ನಾವು ಹೋದಾಗ ಹೆಂಗಸರು ಸಾಲಾಗಿ ಕುಳಿತು ಒಣದ್ರಾಕ್ಷಿ ಆರಿಸುತ್ತಿದ್ದರು. ಗಂಧಕದ ಹೊಗೆಯ ವಾಸನೆ ಗಂಟಲಿಗೆ ಹಿಡಿಯಿತು. ಮಹಾದೇವಿ ನಮ್ಮನ್ನು ನೋಡಿ ಎದ್ದಳು, ಆದರೆ ಹತ್ತಿರ ಬರಲು ತಡಮಾಡಿದಳು. ಬಂದವಳು ಸುಜಾತಾಳ ಕೈ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಊಟದ ಹೊತ್ತಾಗಿತ್ತು. ಬೇವಿನ ಗಿಡದ ಕೆಳಗೆ ತನ್ನ ಬುತ್ತಿ ಬಿಚ್ಚಿ ನಮ್ಮ ಮುಂದಿಟ್ಟಳು: ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಸುಜಾತಾಳಿಗೆ ರೊಟ್ಟಿ ಮುರಿಯಲಾಗದ್ದನ್ನು ಕಂಡು ತಾನೇ ಮುರಿದು, ಪಲ್ಯ ಹಚ್ಚಿ, ಒಂದೊಂದೇ ತುತ್ತನ್ನು ಅವಳ ಎಡಗೈಗೆ ಕೊಟ್ಟಳು. ತರಬೇತಿಯ ದಿನಗಳ ಮಾತು ತೆಗೆದು ನಗಿಸಲು ನೋಡಿದಳು. ಆ ಊಟ ಮುಗಿಯುವವರೆಗೂ ನಮ್ಮ ಕೆಲಸ ಆಯಿತೆಂದೇ ನಾನು ತಿಳಿದಿದ್ದೆ.

"ನಾಳಿ ಮುಂಜಾನೆ ಆಫೀಸಿಗೆ ಬರ್ತೀಯೇನ ಮಹಾದೇವಿ?" ಸುಜಾತಾ ಕೇಳಿದಳು. "ಕ್ಲಾಸ್ ನಡದಿತ್ತು, ಅಷ್ಟ ಹೇಳು ಸಾಕು."

ಮಹಾದೇವಿ ಬುತ್ತಿಯ ಬಟ್ಟೆ ಮಡಚತೊಡಗಿದಳು. "ನಾ ಏನ ನೋಡೀನಿ? ನಾ ಬಾಗಲ ಹೊರಗಿದ್ದೆ. ಕತ್ತಲಿತ್ತು."

"ಕತ್ತಲಿತ್ತ? ಹೆಣಮಕ್ಕಳ ಚೀರೂದು ಕೇಳಿಸಲಿಲ್ಲೇನು? ನಿನ್ನ ಕೈಗೆ ತಗಡ ಹೆರದು ರಕ್ತ ಬಂದಿತ್ತಲ್ಲ!"

ಮಹಾದೇವಿ ತನ್ನ ಅಂಗೈಯನ್ನು ಸೆರಗಿನೊಳಗೆ ತೆಗೆದುಕೊಂಡಳು. ಶೆಡ್ಡಿನ ಕಡೆಯಿಂದ ಮೇಸ್ತ್ರಿ ಕೂಗಿದ. ಅವಳು ಎದ್ದು ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ಅಕ್ಕಾ, ಇವತ್ತ ಬಬಲೇಶ್ವರಕ್ಕ ಹೋಗಬ್ಯಾಡ್ರಿ. ಬಿಸಲ ಐತಿ. ಮನಿಗೆ ಹೋಗ್ರಿ," ಎಂದಳು.

ಅದೇ ಮಾತು ನಮ್ಮನ್ನು ಹೊರಡಿಸಿತು. ಟಿಕೋಟಾದಿಂದ ಬಬಲೇಶ್ವರಕ್ಕೆ ನೇರ ಬಸ್ಸು ಸಿಗಲಿಲ್ಲ. ಒಂದು ಟಂಟಂ ಆಟೋ ತುಂಬುವವರೆಗೆ ಕಾದು, ತಲೆಗೆ ನಲವತ್ತು ರೂಪಾಯಿ ಕೊಟ್ಟು, ಹನ್ನೊಂದು ಜನರ ನಡುವೆ ಕುಳಿತೆವು. ರಸ್ತೆಯ ಪ್ರತಿ ಗುಂಡಿಗೂ ಸುಜಾತಾ ಕಣ್ಣು ಮುಚ್ಚುತ್ತಿದ್ದಳು. ಅವಳ ಭುಜಕ್ಕೆ ಯಾರೂ ತಾಗದಂತೆ ನಾನು ಅಡ್ಡ ಕುಳಿತೆ. ದಾರಿಯುದ್ದಕ್ಕೂ ಅವಳು ಮಹಾದೇವಿಯ ಹೆಸರೆತ್ತಲಿಲ್ಲ. "ನಮ್ಮ ಹೆಣಮಕ್ಕಳು ಬಂದ ಹೇಳ್ತಾರ. ಗಂಗವ್ವ ಅಂತೂ ಬಂದ ಬರ್ತಾಳ," ಎಂದಷ್ಟೇ ಹೇಳಿದಳು.

ಬಬಲೇಶ್ವರ ಸೇರಿದಾಗ ಬಿಸಿಲು ಇಳಿಯುತ್ತಿತ್ತು. ಗೋದಾಮಿಗೆ ಬೀಗ ಬಿದ್ದಿತ್ತು. ಕಿತ್ತ ತಗಡುಗಳು ಗೋಡೆಗೆ ಒರಗಿದ್ದವು. ತರಗತಿ ಈಗ ಶಾಂತವ್ವ ಎಂಬವರ ಮನೆಯ ಪಡಸಾಲೆಯಲ್ಲಿ ಸೇರುತ್ತದೆಂದು ತಿಳಿಯಿತು. ಹೊಲದಿಂದ ಬಂದ ಹೆಂಗಸರು ಕೈಕಾಲು ತೊಳೆದು, ತಾವೇ ಓದಿಕೊಳ್ಳಲು ಅಲ್ಲಿಗೆ ಬರುತ್ತಿದ್ದರು. ಸುಜಾತಾಳನ್ನು ಕಂಡು ಎಲ್ಲರೂ ಸುತ್ತುಗಟ್ಟಿದರು. ಗಂಗವ್ವ ಅವಳ ಕೆನ್ನೆ ಸವರಿ ಅತ್ತೇಬಿಟ್ಟಳು.

"ನನ್ನ ದೂಡಿರದಿದ್ರ ಆ ತೊಲಿ ನನ್ನ ತಲಿ ಮ್ಯಾಲ ಬೀಳ್ತಿತ್ತ ಯವ್ವಾ," ಎಂದು ಗಂಗವ್ವ ನನಗೆ ಹೇಳಿದಳು. ಅರವತ್ತು ದಾಟಿದ ಮುದುಕಿ. ಹೆಸರು ಬರೆಯಲು ಕಲಿತು ಆರು ತಿಂಗಳಾಗಿತ್ತಂತೆ.

ಸುಜಾತಾ ಮಾತು ತೆಗೆಯುವ ಮೊದಲೇ ಶಾಂತವ್ವ ಅವಳನ್ನು ಕೂರಿಸಿ ನೀರು ಕೊಟ್ಟು ಹೇಳಿದಳು: "ನಿನ್ನಿ ನಿಮ್ಮ ಆಫೀಸಿನ ಸಾಹೇಬ್ರು ಬಂದಿದ್ರು ಅಕ್ಕಾರ. ನಾಳಿ ಸಂಜಿಯಿಂದ ನಿಮ್ಮ ಬದ್ಲಿ ಟಿಕೋಟಾದ ಅಕ್ಕಾರ ಬರ್ತಾರಂತ. ಮಹಾದೇವಿ ಅಂತಲ್ಲ, ಅವರ. ಎರಡೂ ಕೇಂದ್ರ ಅವರಿಗೇ ಕೊಟ್ಟಾರಂತ. ತಗಡು ಬಿದ್ದದ್ದರ ತಕರಾರು ಬೆಳಸಿದ್ರ ಈ ಕೇಂದ್ರಾನ ತಗದ ಬಿಡ್ತೀವಿ ಅಂದ್ರು."

ನನಗೆ ಟಿಕೋಟಾದ ಬೇವಿನ ಗಿಡದ ಕೆಳಗೇ ಹೋಗಿ ಮಹಾದೇವಿಯ ರಟ್ಟೆ ಹಿಡಿದು ಅಲುಗಿಸಬೇಕೆನ್ನಿಸಿತು. ಗಂಗವ್ವ ಎದೆ ಮುಟ್ಟಿಕೊಂಡು, "ನಾ ಬರ್ತೀನಿ. ಎಲ್ಲಿ ಬೇಕಾದ್ರೂ ಬಂದ ಹೇಳ್ತೀನಿ. ನಡಿ," ಎಂದಳು. ಅವಳ ಹಿಂದೆ ಕುಳಿತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬಳು, ಇನ್ನೂ ಇಪ್ಪತ್ತೈದು ತುಂಬದ ಶಾಂತವ್ವನ ಸೊಸೆ, ತಗ್ಗಿದ ದನಿಯಲ್ಲಿ ಕೇಳಿದಳು: "ಮುಂದಿನ ವಾರ ಪರೀಕ್ಷಾ ಐತಲ್ರಿ ಅಕ್ಕಾರ. ಅದೂ ಹೋಗ್ತೈತೇನ್ರಿ?"

ಸುಜಾತಾ ಆ ಹುಡುಗಿಯ ಕಡೆ ತಿರುಗಿದಳು. ಆಮೇಲೆ, "ಇಲ್ಲ, ಹೋಗೂದಿಲ್ಲ. ಯಾರೂ ಎಲ್ಲೂ ಬರೂದ ಬ್ಯಾಡ," ಎಂದಳು. ನಾನು ಅವಳ ಮೊಣಕೈ ಹಿಡಿದು ಹೊರಗೆ ಕರೆದೆ. "ಏನ ಮಾಡಾಕತ್ತಿ ಸುಜಾತಾ? ಗಂಗವ್ವ ತಾನಾಗೇ ಬರ್ತೀನಿ ಅನ್ನಾಕತ್ತಾಳ. ಆಸ್ಪತ್ರಿ ರೊಕ್ಕಾ ಎಲ್ಲಿಂದ ತರ್ತಿ?"

"ಗಂಗವ್ವ ಬಂದ ಹೇಳ್ತಾಳ, ಕೇಂದ್ರ ಮುಚ್ಚತೈತಿ. ನನಗ ರೊಕ್ಕಾ ಬರತೈತೋ ಇಲ್ಲೋ, ಈ ಪರೀಕ್ಷಾ ಮಾತ್ರ ಹೋಗೇ ಹೋಗ್ತೈತಿ. ನಾ ಏನಂತ ಕೇಳ್ಲಿ ಅವರನ್ನ?"

ಅವಳು ಕಟ್ಟೆಯ ಮೇಲೆ ಕುಳಿತು ಮೊಬೈಲನ್ನು ಪಕ್ಕದಲ್ಲಿಟ್ಟು, ಎಡಗೈ ಬೆರಳಿನಿಂದ ಮಹಾದೇವಿಯ ನಂಬರು ಒತ್ತಿದಳು. ನನಗೂ ಕೇಳಿಸಲೆಂದು ಸ್ಪೀಕರಿಗೆ ಹಾಕಿದಳು.

"ಅಕ್ಕಾ," ಎಂದಿತು ಆ ಕಡೆಯ ದನಿ. ಆಮೇಲೆ ಒಂದೇ ಉಸಿರಿಗೆ, "ಕ್ಲಾಸ್ ಮುಗದಿತ್ತು ಅಂತ ನಾನ ಹೇಳೀನಿ. ಹಂಗ ಹೇಳಿದ್ರ ಎರಡೂ ಕೇಂದ್ರ ಅಂದ್ರು, ಇಲ್ಲಾಂದ್ರ ಇದ್ದ ಒಂದೂ ಇಲ್ಲಾ ಅಂದ್ರು. ನಾ ಏನ ಮಾಡ್ಲಿ, ಅಕ್ಕಾ?"

"ಗೊತ್ತಾತು," ಎಂದಳು ಸುಜಾತಾ. "ಈಗ ನಾ ಹೇಳೂದ ಕೇಳು. ಗಂಗವ್ವಗ ಕಣ್ಣು ಮಂಜ ಅದಾವ. ದಪ್ಪ ಅಕ್ಷರ ಬರಿ, ಮುಂದ ಕೂಡಿಸು. ಶಾಂತವ್ವನ ಸೊಸಿನೂ ಅಲ್ಲೇ ಕುಂದರ್ತಾಳ. ಸೊಸಿ ಮುಂದ ಶಾಂತವ್ವನ್ನ ಜೋರಾಗಿ ಓದ ಅನಬ್ಯಾಡ, ನಾಚಿ ಬರೂದ ಬಿಟ್ಟ ಬಿಡ್ತಾಳ. ಒತ್ತಕ್ಷರ ಇನ್ನೂ ಯಾರಿಗೂ ಪಕ್ಕಾ ಆಗಿಲ್ಲ. ನಾಳಿ ಅಲ್ಲಿಂದ ಸುರು ಮಾಡು."

ಆ ಕಡೆಯಿಂದ ಅಳು ಮಾತ್ರ ಕೇಳಿಸುತ್ತಿತ್ತು. "ಅಳಬ್ಯಾಡ," ಎಂದಳು ಸುಜಾತಾ. ದನಿಯಲ್ಲಿ ಕರುಣೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಆ ಗೋದಾಮಿನ ಒಳಗ ಮತ್ತ ಕೂಡಿಸಾಕ ಬಂದ್ರ ಮಾತ್ರ ಒಪ್ಪಬ್ಯಾಡ. ಇಷ್ಟರ ಹೇಳಾಕ ನಿನ್ನಿಂದ ಆಗತೈತಿಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನು ಇಟ್ಟಳು.

ಒಳಗೆ ಹೋಗಿ ಅವಳು ಅರ್ಧ ತಾಸು ಪಾಠ ಮಾಡಿದಳು. ಬೋರ್ಡಿನ ಮೇಲೆ ಬರೆದವಳು ನಾನು. ಅವಳು ಹೇಳುತ್ತ ಹೋದಳು, ಹೆಂಗಸರು ಓದುತ್ತ ಹೋದರು. ಹೊರಡುವಾಗ ಶಾಂತವ್ವ ಒಂದು ಚೀಲ ಶೇಂಗಾ ಕೊಟ್ಟಳು. ಗಂಗವ್ವ ನಿಲ್ದಾಣದವರೆಗೂ ನಮ್ಮ ಜೊತೆ ಬಂದು, ಬಸ್ಸು ಬರುವವರೆಗೆ ನಿಂತಿದ್ದಳು.

ವಿಜಯಪುರದ ಆ ಬಸ್ಸು ಸಾರವಾಡದ ಮೇಲೇ ಹೋಗುತ್ತದೆ. ಟ್ರ್ಯಾಕ್ಟರುಗಳು ಹೊಲದಿಂದ ಮರಳುತ್ತಿದ್ದವು. ಧೂಳು ಕಿಟಕಿಯ ಒಳಗೆ ಬಂದು ಕೂರುತ್ತಿತ್ತು. ಸುಜಾತಾ ನನ್ನನ್ನು ಕೇಳಿದಳು: "ನಿನ್ನ ಕೇಂದ್ರದ ಮ್ಯಾಲೂ ತಗಡ ಐತೇನ ಅಕ್ಕಾ?" ಹೌದು ಎಂದೆ. "ನೋಡಿಕೊಂಡ ಇರು," ಎಂದಳು. ಮರುದಿನ ಸಂಜೆ ನನ್ನದೂ ತರಗತಿಯಿತ್ತು. ಅವಳ ಆಸ್ಪತ್ರೆಯ ಖರ್ಚು ನಾನು ಇದನ್ನು ಬರೆಯುವವರೆಗೂ ಬಂದಿಲ್ಲ.

ಸಾರವಾಡದಲ್ಲಿ ಅವಳನ್ನು ಇಳಿಸಲು ನಾನೂ ಬಾಗಿಲವರೆಗೆ ಹೋದೆ. ಕಂಡಕ್ಟರ್ ಸಿಳ್ಳೆ ಹಾಕಿದ. ನಾನು ಸೀಟಿಗೆ ಮರಳಿ ಕಿಟಕಿಯಿಂದ ಬಗ್ಗಿ ನೋಡಿದೆ. ನಿಲ್ದಾಣದ ಅಂಗಡಿಯ ಮುಂದೆ ಒಬ್ಬ ಹೆಂಗಸು, ಸುಜಾತಾಳ ಹಳೆಯ ಕೇಂದ್ರದಲ್ಲಿ ಕಲಿತವಳೇ ಇರಬೇಕು, ಎದ್ದು ನಿಂತು "ನಮಸ್ಕಾರ್ರಿ ಅಕ್ಕಾರ" ಎಂದಳು. ಸುಜಾತಾ ರೂಢಿಯಂತೆ ಎರಡೂ ಕೈ ಜೋಡಿಸಲು ಹೋದಳು. ಎಡಗೈ ಮೇಲೆ ಬಂತು. ಬಲಗೈ ಜೋಳಿಗೆಯೊಳಗೇ ಒಮ್ಮೆ ಅಲುಗಿ ನಿಂತಿತು. ಬಸ್ಸು ತಿರುವು ದಾಟುವವರೆಗೂ ಅವಳು ಒಂದೇ ಕೈಯನ್ನು ಎದೆಯ ಮುಂದೆ ಹಿಡಿದು ನಿಂತಿದ್ದಳು.