ಸಂಶಯದ ಬಿಸಿ ಅನ್ನ

ನನ್ನ ಅತ್ತೆ ನನ್ನ ಕೈಯಡುಗೆ ಬಿಟ್ಟದ್ದು ಒಬ್ಬ ಪರದೇಶದ ಹೆಂಗಸಿನ ದೆಸೆಯಿಂದ. ಆಕೆ ಸತ್ತು ಯಾವ ಕಾಲವಾಯಿತೋ! ಆದರೂ ವಿಜಯವಾಡದ ಭವಾನಿಪುರಂನಲ್ಲಿರುವ ನಮ್ಮ ಬಾಡಿಗೆ ಮನೆ ಹುಡುಕಿಕೊಂಡು ಬಂದು ಸೀದಾ ಅಡುಗೆಮನೆಯಲ್ಲೇ ಕೂತುಬಿಟ್ಟಳು, ಪುಣ್ಯಾತ್ಗಿತ್ತಿ.

ನಮ್ಮವರದು ಬ್ಯಾಂಕಿನ ಕೆಲಸ. ವರ್ಗವಾದಲ್ಲೆಲ್ಲ ನಮ್ಮ ಧಾರವಾಡವನ್ನು ಗಂಟು ಕಟ್ಟಿಕೊಂಡು ಹೋಗುವವರು ನಾವು. ಮೊದಲು ವಿಶಾಖಪಟ್ಟಣ, ಈಗ ಇಲ್ಲಿ. ಅತ್ತೆ ನನ್ನ ಮದುವೆಯಾದಾಗಿನಿಂದಲೂ ನಮ್ಮ ಜೊತೆಗೇ ಇದ್ದಾರೆ. ಅವರ ನೇಮಗಳು ಎರಡು. ದೇವರಿಗೆ ನೈವೇದ್ಯವಾಗುವ ತನಕ ಅಡುಗೆಯ ರುಚಿ ನೋಡಕೂಡದು. ಹಿರಿಯರ ಊಟವಾಗುವ ತನಕ ಸೊಸೆ ಉಣ್ಣಕೂಡದು. ಇಷ್ಟು ವರ್ಷ ಉಪ್ಪು ಹುಳಿಯೆಲ್ಲ ಕೈಯಳತೆಯಲ್ಲೇ ಹಾಕಿ ಸೈ ಎನಿಸಿಕೊಂಡಿದ್ದೇನೆ. ಅದರ ಜಂಬ ನನಗೆ ಸಾಕಷ್ಟಿದೆ.

ಈ ಸಲ ಚಳಿಗಾಲದಲ್ಲಿ ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯಲ್ಲಿ ಅವರ ಕಣ್ಣಿನ ಪೊರೆ ತೆಗೆಸಿದೆವು. ಟಿ.ವಿ. ನೋಡಬಾರದು ಎಂದ ಡಾಕ್ಟರು ಕೇಳಬಾರದು ಎನ್ನಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಮೊಬೈಲನ್ನು ಕಿವಿಯ ಹತ್ತಿರ ಇಟ್ಟುಕೊಂಡು ಯಾರೋ ಹೇಳುವ ಹಳೆಯ ಅಪರಾಧದ ಕಥೆಗಳನ್ನು ಕೇಳತೊಡಗಿದರು. ಆಗ ಸಿಕ್ಕಿದವಳೇ ಆಕೆ. ಗಂಡ, ಅತ್ತೆ, ಮಾವ, ಹೀಗೆ ಒಬ್ಬೊಬ್ಬರಿಗೂ ಗಂಜಿಯಲ್ಲಿ ಪಾಷಾಣ ಬೆರೆಸಿ ಕೊಟ್ಟವಳಂತೆ. ಅಷ್ಟಾದರೆ ಪರವಾಗಿರಲಿಲ್ಲ. ಹಾಸಿಗೆ ಹಿಡಿದವರ ಸೇವೆಯನ್ನೂ ಆಕೆಯೇ ಮಾಡುತ್ತಿದ್ದಳಂತೆ, ಊರವರೆಲ್ಲ ಇಂಥ ಸೊಸೆ ಬೇಕು ಎನ್ನುತ್ತಿದ್ದರಂತೆ.

“ಭಾಳ ಸೇವಾ ಮಾಡ್ತಿದ್ಲಂತ ಅಕಿ,” ಎಂದರು ಅತ್ತೆ. ನಾನು ಆಗ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಅವರು ಮೆಲ್ಲಗೆ ಕಾಲು ಎಳೆದುಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ. ಕಾಮಾಲೆ ಕಣ್ಣಿಗೆ ಊರೆಲ್ಲ ಹಳದಿ. ಅನಕಾಪಲ್ಲಿಯ ಬೆಲ್ಲ ಹಾಕಿದ ಸಾರಿಗೆ “ಯಾಕ ಹಿಂಗ ಕರ್ರಗ ಅದ?” ಎಂದರು. ಕಣ್ಣಿಗೆ ಔಷಧಿ ಬಿಡಲು ಹೋದರೆ “ಕಣ್ಣಾಗ ಹಾಕಿದ್ದು ಹೊಟ್ಟಿಗೂ ಇಳೀತದೇನು?” ಎಂದು ಕೇಳಿದರು. ನಾನು ಹೆಚ್ಚು ಅಕ್ಕರೆ ತೋರಿಸಿದಷ್ಟೂ ಅವರ ಸಂಶಯ ಹೆಚ್ಚಾಯಿತು. ಕೊನೆಗೆ ಹಸಿವಿಲ್ಲ ಎಂದು ತಟ್ಟೆ ಸರಿಸಿ, ಬಾಳೆಹಣ್ಣು ಮತ್ತು ಒಡೆಯದ ಪ್ಯಾಕೆಟ್ಟಿನ ಬಿಸ್ಕತ್ತಿನ ಮೇಲೆ ದಿನ ದೂಡತೊಡಗಿದರು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಹೀಗೆ ಅರೆಹೊಟ್ಟೆಯಲ್ಲಿದ್ದರೆ ಎಲ್ಲಿ ಬಿದ್ದುಬಿಡುತ್ತಾರೋ ಎಂದು ನನಗೆ ಜೀವದಲ್ಲಿ ಜೀವವಿಲ್ಲ.

ಒಂದು ದಿನ ಮಗನಿಗೆ ಹೇಳಿಯೇಬಿಟ್ಟರು: “ನನ್ನ ವಿಶಾಖಪಟ್ಟಣಕ್ಕ ಮಗಳ ಕಡೆ ಕಳಿಸು.”

ನನ್ನ ನಾದಿನಿ ಅಲ್ಲಿ ಕಾರ್ಖಾನೆಯ ಟೌನ್‌ಶಿಪ್‌ನಲ್ಲಿದ್ದಾಳೆ. ಒಳ್ಳೆಯವಳೇ. ಆದರೆ ಕೆಲಸಕ್ಕೆ ಹೋಗುವವಳು, ಮನೆಯಲ್ಲಿ ಅನ್ನ ಒಂದನ್ನು ಮಾಡಿ, ಪಲ್ಯ ಸಾರೆಲ್ಲ ಬೀದಿಯ ಕರ್ರಿ ಪಾಯಿಂಟ್‌ನಿಂದ ಪೊಟ್ಟಣ ಕಟ್ಟಿಸಿ ತರುತ್ತಾಳೆ. ಈರುಳ್ಳಿ ಬೆಳ್ಳುಳ್ಳಿಯ ಹೆಸರು ಹೇಳಿದರೂ ಬಾಯಿ ತೊಳೆಯುವ ನನ್ನ ಅತ್ತೆಗೆ ಕರ್ರಿ ಪಾಯಿಂಟ್ ವಾಸಿಯಾಯಿತು, ನನ್ನ ಕೈ ಬೇಡವಾಯಿತು! ನಮ್ಮವರೋ, ದಿನವಿಡೀ ಬ್ಯಾಂಕಿನಲ್ಲಿ ತೆಲುಗು ಆಡಿ ಬಂದವರು, “ಸರ್ಲೇ” ಎಂದು, ಆಗಲಿ ಎನ್ನುವಂತೆ ತಲೆಯಾಡಿಸಿ ಭಾನುವಾರದ ರೈಲಿಗೆ ಟಿಕೆಟ್ ತೆಗೆದೇಬಿಟ್ಟರು. ಸಿಟ್ಟು ನೆತ್ತಿಗೇರಿತು. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ದೇವರ ಮುಂದೆ ಕೂತಿದ್ದ ಅತ್ತೆ ಏಳಲು ಹೋಗಿ ಓಲಾಡಿದರು. ಓಡಿ ಹೋಗಿ ಹಿಡಿದುಕೊಂಡೆ. ಕೈ ತಣ್ಣಗಾಗಿತ್ತು, ಹಣೆಯಲ್ಲಿ ಬೆವರು. ಎರಡು ಚಮಚ ಸಕ್ಕರೆ ಕೊಟ್ಟರೆ, ಡಬ್ಬಿಯನ್ನು ಒಮ್ಮೆ ನೋಡಿ, ತಿಂದರು. ಸುಧಾರಿಸಿಕೊಂಡ ಮೇಲೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಹಸಿವು ಕೊನೆಗೂ ಗೆದ್ದಿತ್ತು.

“ಒಂದು ತುತ್ತು ನೀ ತಿಂದು ತೋರಿಸು.”

“ನೈವೇದ್ಯ ಆಗಿಲ್ರೀ ಅತ್ಯಾ. ದೇವರಿಗೆ ಎಂಜಲಾ ಇಡ್ಲೇನು?”

ಹೌದಲ್ಲ ಎಂದುಕೊಂಡು ಹೋಗಿ ನೈವೇದ್ಯ ಮುಗಿಸಿ ಬಂದರು. “ಈಗ ತಿನ್ನು.”

“ನಿಮಗಿಂತ ಮೊದ್ಲ ಹ್ಯಾಂಗ ತಿನ್ಲಿ? ಹಿರಿಯರು ಉಂಡ ಮ್ಯಾಲೆ ಸೊಸಿ ಅಂತ ಕಲಿಸಿದವ್ರು ಯಾರ್ರಿ?”

ನನಗೂ ಹಟ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಅತ್ತೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಹಾಗೆ ನಿಂತರು. ನಿಮ್ಮ ಮಗ ಬರಲಿ, ಅವರು ಮೊದಲು ಉಣ್ಣಲಿ ಎಂದೆ. “ಅವಗ ಬ್ಯಾಡ!” ಎಂದು ಚೀರಿದರು. ಆಮೇಲೆ ಮಣೆ ಸರಿಸಿದರು.

“ನೇಮ ನಾನೇ ಹಾಕಿದ್ದು, ನಾನೇ ಮುರೀತೀನಿ. ಕೂಡು.”

ಕಪ್ಪು ಕನ್ನಡಕದಲ್ಲೇ ತಡವರಿಸಿ ಸೌಟು ಹುಡುಕಿ, ಅನ್ನ ಬಡಿಸಿದರು, ತುಪ್ಪ ಹಾಕಿದರು, ಸಾರು ಸುರಿದರು. ಮೊದಲ ತುತ್ತು ಸಿಟ್ಟಿನಲ್ಲೇ ಇಳಿಯಿತು. ಎರಡನೆಯದಕ್ಕೆ ನನಗೆ ಏನಾಯಿತೋ! ಹಬೆಯಾಡುವ ಅನ್ನ, ಕರಗುತ್ತಿರುವ ತುಪ್ಪ. ಮದುವೆಯಾದಾಗಿನಿಂದ ಎಲ್ಲರಿಗೂ ಬಡಿಸಿ, ಒಲೆ ಒರೆಸಿ, ನಾನು ಉಣ್ಣಲು ಕೂರುವ ಹೊತ್ತಿಗೆ ನನ್ನ ತಟ್ಟೆಯ ತುಪ್ಪ ಹೆಪ್ಪುಗಟ್ಟಿರುತ್ತಿತ್ತು. ಯಾಕೆ ಉಣ್ಣುತ್ತಿದ್ದೇನೆ, ಯಾರು ನೋಡುತ್ತಿದ್ದಾರೆ, ಎಲ್ಲ ಮರೆತೆ. “ಇನ್ನಷ್ಟು ಸಾರು ಹಾಕ್ರಿ,” ಎಂದೆ. ಹಾಕಿದರು. ಮತ್ತೆ ಕೇಳಿದೆ. ಮತ್ತೆ ಹಾಕಿದರು.

ಸೌಟು ಕೈಯಲ್ಲೇ ಇತ್ತು. “ಇಷ್ಟು ಹಸಿದಿದ್ದೇನು?” ಎಂದರು.

“ದಿನಾನೂ ಇಷ್ಟು ಹಸಿದಿರ್ತೀನ್ರಿ.”

ಅವರು ಸೌಟು ಕೆಳಗಿಟ್ಟರು. ತಮ್ಮ ತಟ್ಟೆ ತಂದು ನನ್ನ ಪಕ್ಕದಲ್ಲೇ ಕೂತು, ಅದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣತೊಡಗಿದರು. ವಿಷ ಏರಲು ಸ್ವಲ್ಪ ಹೊತ್ತಾದರೂ ಬೇಕಲ್ಲ, ಅದಕ್ಕೂ ಕಾಯಲಿಲ್ಲ. ಸಂಜೆ ನಮ್ಮವರು ಬಂದು ಟಿಕೆಟ್ ರದ್ದು ಮಾಡಿಸಿದರು.

ಈಗ ಕಪ್ಪು ಕನ್ನಡಕ ಹೋಗಿದೆ, ಹೊಸದು ಬಂದಿದೆ. ಸಾರಿನ ಬಣ್ಣದ ಮಾತು ಇಲ್ಲ. ಆ ಹೆಂಗಸಿನ ಹೆಸರೂ ಅವರಿಗೆ ಮರೆತುಹೋಗಿದೆ. ಆದರೆ ನೈವೇದ್ಯವಾದದ್ದೇ ತಡ, ಇವತ್ತಿಗೂ ನನ್ನ ತಟ್ಟೆಗೇ ಮೊದಲು ಬಡಿಸುತ್ತಾರೆ.

“ಯಾಕ್ರೀ ಅತ್ಯಾ, ಇನ್ನೂ ಸಂಶಯ ಹೋಗಿಲ್ಲೇನು?” ಎಂದು ಮೊನ್ನೆ ಕೆಣಕಿದೆ.

“ಇಲ್ಲ,” ಎಂದರು, ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕುತ್ತ. “ಸುಮ್ನ ತಿನ್ನು, ಆರ್ತದ.”