ಮುಚ್ಚಿಟ್ಟ ಊಟ

೧೯೫೨ನೇ ಇಸವಿ. ಕೊಡಗು ಆಗಿನ್ನೂ ಬೇರೆಯೇ ರಾಜ್ಯ. ಶಿರಂಗಾಲದಲ್ಲಿ ನಮ್ಮ ಮನೆ. ಮನೆಯ ಹಿಂದೆ ಗದ್ದೆ, ಗದ್ದೆಯಾಚೆ ಕಾವೇರಿ ಹೊಳೆ. ಹೊಳೆಯ ಈ ದಡ ಕೊಡಗು, ಆ ದಡ ಮೈಸೂರು ರಾಜ್ಯ. ನಾವು ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯಗಾರರು. ಮನೆಯಲ್ಲಿ ಇದ್ದವರು ಅಪ್ಪ, ಅಪ್ಪನ ತಾಯಿ ಅಂದರೆ ನನ್ನ ಅಜ್ಜಿ, ಮತ್ತು ನಾನು. ನನಗೆ ಆರು ವರ್ಷವಾಗಿದ್ದಾಗ ಅಮ್ಮ ಜ್ವರ ಬಂದು ತೀರಿಕೊಂಡಿದ್ದಳು. ಆ ವರ್ಷ ನಾನು ಹತ್ತು ವರ್ಷದವಳು, ನಾಲ್ಕನೇ ತರಗತಿಯಲ್ಲಿದ್ದೆ.

ಬೇಸಿಗೆಯ ಕೊನೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಗೆ ಪಂಜಾಬಿನವರೊಬ್ಬರು ಮಗಳನ್ನು ಕರೆದುಕೊಂಡು ಬಾಡಿಗೆಗೆ ಬಂದರು. ಅವರ ಊರು ದೇಶ ಒಡೆದಾಗ ಪಾಕಿಸ್ತಾನಕ್ಕೆ ಸೇರಿಹೋಗಿತ್ತು. ಮಿಲಿಟರಿಯಲ್ಲಿದ್ದ ಕೊಡಗಿನವರೊಬ್ಬರು, "ನಮ್ಮ ಕಡೆ ಚಳಿ ಜಾಸ್ತಿ, ಸ್ವೆಟರ್ ಮಾರೋರು ಯಾರೂ ಇಲ್ಲ" ಎಂದು ಹೇಳಿದ್ದನ್ನೇ ನಂಬಿ ಇಷ್ಟು ದೂರ ಬಂದಿದ್ದರು. ಸೈಕಲ್ಲಿನ ಹಿಂದೆ ಗಂಟು ಕಟ್ಟಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದರು. ಊರಿನವರು ಅವರಿಗೆ ಸ್ವೆಟರ್ ಸೇಟು ಎಂದು ಹೆಸರಿಟ್ಟರು. ಮೈಮೇಲೆ ಸರಿಯಾದ ಅಂಗಿಯಿಲ್ಲದ ಆ ಮನುಷ್ಯನನ್ನು ಸೇಟು ಎಂದು ಕರೆಯುವುದು ಎಲ್ಲರಿಗೂ ತಮಾಷೆಯಾಗಿತ್ತು.

ಮಗಳ ಹೆಸರು ಸಂತೋಷ್. ನನ್ನದೇ ವಯಸ್ಸು. ಹೆಸರು ಕೇಳಿದ ದಿನ ಅಜ್ಜಿ, "ಇದೇನವ್ವಾ, ಇಂಥಾ ಹೆಸರಿಟ್ಕೊಂಡು ಮೂತಿ ಹಿಂಗ್ ಇಟ್ಕೊಂಡಿದ್ದೀಯ!" ಎಂದಿದ್ದಳು. ಹುಡುಗಿಗೆ ಅರ್ಥವಾಗಲಿಲ್ಲ. ಆದರೂ ಅಜ್ಜಿ ನಕ್ಕಿದ್ದು ನೋಡಿ ತಾನೂ ನಕ್ಕಳು.

ಅವಳ ತಾಯಿ ಬಂದಿರಲಿಲ್ಲ. ರೈಲು ಹತ್ತುವ ನೂಕುನುಗ್ಗಲಿನಲ್ಲಿ ಕೈ ತಪ್ಪಿಹೋದವರು ಮತ್ತೆ ಸಿಕ್ಕಿರಲಿಲ್ಲ. ಎಲ್ಲ ಕ್ಯಾಂಪುಗಳಲ್ಲೂ ಹುಡುಕಿ ಆಗಿತ್ತು. ಇದ್ದಾರೋ ಇಲ್ಲವೋ ಹೇಳುವವರೇ ಇರಲಿಲ್ಲ.

ಮೊದಲ ದಿನಗಳಲ್ಲಿ ನನಗೆ ಅವಳನ್ನು ಕಂಡರೆ ಕನಿಕರವೇ ಇತ್ತು. ರಾಗಿಮುದ್ದೆಯನ್ನು ಅವಳು ಅಗಿಯುತ್ತಾ ಕೂರುತ್ತಿದ್ದಳು. ಹಲ್ಲಿಗೆಲ್ಲ ಮೆತ್ತಿಕೊಂಡು ಕಣ್ಣಲ್ಲಿ ನೀರು. "ಅಗೀಬ್ಯಾಡ ಕಣೆ, ನುಂಗು" ಎಂದು ಅಜ್ಜಿ ತಾನೇ ನುಂಗಿ ತೋರಿಸುವಳು. ರಾತ್ರಿ ಅವಳೂ ಒಳಗೆ ಅಜ್ಜಿ ಮತ್ತು ನನ್ನ ಜೊತೆಗೇ ಮಲಗುತ್ತಿದ್ದಳು. ನಾನು ಅವಳನ್ನು ಶಾಲೆಗೆ ಕರೆದೊಯ್ದೆ, ಪಕ್ಕದಲ್ಲಿ ಕೂರಿಸಿಕೊಂಡೆ, ಹೊಳೆ ತೋರಿಸಿದೆ.

ಹೊಳೆ ತೋರಿಸಿದ ದಿನ ನಾನು ಸ್ವಲ್ಪ ಜಂಬದಿಂದಲೇ, ಆ ದಡ ನಮ್ಮದಲ್ಲ, ಬೇರೆ ರಾಜ್ಯ ಎಂದು ಕೈಮಾಡಿ ಹೇಳಿದೆ. ಅವಳ ಮುಖ ಇಳಿದುಹೋಯಿತು. ಒಂದೇ ಓಟಕ್ಕೆ ಮನೆಗೆ ಹೋಗಿ, ತನಗೆ ಬರುವ ನಾಲ್ಕು ಕನ್ನಡದ ಮಾತಿನಲ್ಲಿ ಅಜ್ಜಿಯನ್ನು ಕೇಳಿದಳು: "ಆ ಕಡೆಯಿಂದ ಈ ಕಡೆ ಬಿಡ್ತಾರಾ?"

"ಯಾರ್ನ?"

"ಅಮ್ಮನ್ನ."

ಅಜ್ಜಿ ಅವಳನ್ನು ಹತ್ತಿರ ಕೂರಿಸಿಕೊಂಡು, "ನನ್ನ ತವರೇ ಆ ದಡದಲ್ಲಿ ಅದೆ. ಹರಿಗೋಲು ಹತ್ತುದ್ರೆ ಬಂದೆ. ಯಾವನ್ ಕೇಳಾನು?" ಎಂದಳು. ಆಮೇಲೆ ಅವಳನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಆ ದಡಕ್ಕೆ ಹೋಗಿ, ಮಣ್ಣು ಮುಟ್ಟಿಸಿ, ವಾಪಸ್ಸು ಕರೆತಂದಳು. ನಾನೂ ಬರುತ್ತೇನೆ ಎಂದರೆ, "ನೀನು ಹುಟ್ಟಿದಾಗಿಂದ ನೋಡ್ತಿಲ್ವಾ, ಸುಮ್ಕಿರು" ಎಂದುಬಿಟ್ಟಳು.

ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಯುರಿ.

ಅಜ್ಜಿ ಅವಳಿಗೆ ಮೊದಲು ತಲೆ ಬಾಚುತ್ತಿದ್ದಳು ಎಂಬುದಕ್ಕಲ್ಲ. ಅದಕ್ಕೂ ಇತ್ತು, ಆದರೆ ಅದು ಸಣ್ಣದು. ದೊಡ್ಡದು ಬೇರೆಯೇ. ಸಂತೋಷ್ ಎಲ್ಲಿ ಹೋದರೂ ಜನ ಅವಳ ತಾಯಿಯನ್ನು ವಿಚಾರಿಸುತ್ತಿದ್ದರು. ಮೇಷ್ಟರು ಕೇಳುವರು. ನೀರಿಗೆ ಬಂದ ಹೆಂಗಸರು ಕೇಳುವರು. ಹರಿಗೋಲು ಹಾಕುವ ಸಿದ್ದಣ್ಣನಂತೂ ದಡದಿಂದಲೇ ಕೂಗುತ್ತಿದ್ದ: "ಏನವ್ವ ಪಂಜಾಬು, ನಿಮ್ಮವ್ವ ಇವತ್ತೂ ಬರ್ಲಿಲ್ವಾ? ಬರ್ಲಿ ಬುಡು, ದುಡ್ಡಿಲ್ದೆ ದಾಟುಸ್ತೀನಿ!" ಅವಳು ಅಲ್ಲಿಂದಲೇ, "ಮಳೆ ಬಂದ್ರೂ ದಾಟಿಸ್ತೀಯಾ ಸಿದ್ದಣ್ಣ?" ಎಂದು ಕೇಳುವಳು. "ಹೊಳೆ ಉಕ್ಕುದ್ರೆ ಆಗಕಿಲ್ಲ ಕಣವ್ವ. ನಿಮ್ಮವ್ವಂಗೆ ಹೇಳು, ಮಳೆ ನಿಂತ ಮ್ಯಾಲೆ ಬಾ ಅಂತ."

ಪಕ್ಕದಲ್ಲಿ ನಾನೂ ನಿಂತಿರುತ್ತಿದ್ದೆ. ಅದೇ ಸಿದ್ದಣ್ಣ ನನ್ನ ಅಮ್ಮನನ್ನೂ ಎಷ್ಟೋ ಸಲ ದಾಟಿಸಿದ್ದವನು. ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನನ್ನ ತಾಯಿಯ ವಿಷಯ ಮುಗಿದುಹೋಗಿತ್ತು. ಅವಳ ತಾಯಿ ಯಾವ ಸಂಜೆ ಬೇಕಾದರೂ ಹರಿಗೋಲಿನಿಂದ ಇಳಿಯಬಹುದಿತ್ತು. ಇಬ್ಬರಿಗೂ ತಾಯಿಯಿಲ್ಲ ಎಂದು ಊರು ಹೇಳುತ್ತಿತ್ತು. ನನಗೆ ಗೊತ್ತಿತ್ತು, ಇಲ್ಲದವಳು ನಾನೊಬ್ಬಳೇ.

ಮಳೆಗಾಲ ಹಿಡಿಯಿತು. ಹರಿಗೋಲನ್ನು ದಡದಲ್ಲಿ ಕವುಚಿ ಹಾಕಿದರು. ಆ ತಿಂಗಳುಗಳಲ್ಲಿ ಅವಳು ಹೊಳೆಯ ಕಡೆ ನೋಡುತ್ತಿರಲಿಲ್ಲ. ಇನ್ನೊಂದು ಕಡೆ ಹೋಗುತ್ತಿದ್ದಳು. ಅದು ನನಗೆ ತಡವಾಗಿ ತಿಳಿಯಿತು.

ನಮ್ಮ ಗದ್ದೆಯ ಬದಿಯಲ್ಲಿ ಹೊಂಗೆ ಮರದ ಕೆಳಗೆ ಅಮ್ಮನನ್ನು ಮಣ್ಣು ಮಾಡಿದ ಜಾಗ. ಒಂದು ಕಲ್ಲು ನೆಟ್ಟಿದ್ದರು. ಒಂದು ದಿನ ಅಪ್ಪನಿಗೆ ಬುತ್ತಿ ಕೊಡಲು ಹೋದಾಗ ನೋಡುತ್ತೇನೆ, ಸಂತೋಷ್ ಆ ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ತನ್ನ ಭಾಷೆಯಲ್ಲಿ ಏನೋ ಮಾತಾಡುತ್ತಿದ್ದಾಳೆ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ. ಕಲ್ಲಿನ ಮೇಲೆ ನಾಲ್ಕು ಹಳದಿ ಹೂವು.

"ಏಳು ಅಲ್ಲಿಂದ! ಅದು ನಮ್ಮಮ್ಮಂದು!" ಎಂದು ಕೂಗಿದೆ.

ಅವಳು ಎದ್ದಳು. ಕೊಪ್ಪೆ ಸರಿಮಾಡಿಕೊಂಡು ಹೋದಳು. ಹೂವನ್ನು ಮಾತ್ರ ತೆಗೆದುಕೊಂಡು ಹೋಗಲಿಲ್ಲ. ಇವಳಿಗೆ ತನ್ನ ತಾಯಿಯೂ ಬೇಕು, ನನ್ನ ತಾಯಿಯೂ ಬೇಕು ಎಂದು ನಾನು ಅಜ್ಜಿಗೆ ದೂರು ಹೇಳಿದೆ. ಅಜ್ಜಿ ಬೆಲ್ಲ ಕುಟ್ಟುತ್ತಿದ್ದವಳು ಕುಟ್ಟುತ್ತಲೇ ಇದ್ದಳು.

ಮಳೆ ಇಳಿದ ಮೇಲೆ ಪಿತೃಪಕ್ಷ ಬಂತು. ನಮ್ಮಲ್ಲಿ ಅದನ್ನು ಹಿರಿಯರ ಹಬ್ಬ ಅನ್ನುತ್ತೇವೆ. ಒಳಕೋಣೆಯನ್ನು ಸಾರಿಸಿ, ಕಳಸ ಇಟ್ಟು, ತೀರಿಹೋದವರಿಗೆ ಹೊಸ ಬಟ್ಟೆ ಇಟ್ಟು, ಅವರವರಿಗೆ ಇಷ್ಟವಾದ ಅಡುಗೆ ಮಾಡಿ ಎಲೆಯ ಮೇಲೆ ಬಡಿಸುವುದು. ಅದೇ ಎಡೆ. ಧೂಪ ಹಾಕಿ, ಎಲ್ಲರೂ ಕೈಮುಗಿದು, ಬಾಗಿಲು ಮುಚ್ಚಿಕೊಂಡು ಹೊರಗೆ ಬಂದು ಜಗಲಿಯಲ್ಲಿ ಸದ್ದು ಮಾಡದೆ ಕೂರುವುದು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ ಎಂದು ನಂಬಿಕೆ. ಅಮ್ಮನ ಎಲೆಗೆ ಅಜ್ಜಿ ತಪ್ಪದೆ ಕಳಲೆ ಪಲ್ಯ ಬಡಿಸುತ್ತಿದ್ದಳು. ಎಳೆ ಬಿದಿರಿನ ಪಲ್ಯ ಎಂದರೆ ಅಮ್ಮನಿಗೆ ಬಹಳ ಇಷ್ಟವಂತೆ.

ಹಬ್ಬದ ದಿನ ಬೆಳಿಗ್ಗೆ ಸಂತೋಷ್ ಅಡುಗೆಮನೆಯಲ್ಲಿ ಬಾಳೆ ಎಲೆ ಒರೆಸುತ್ತಿದ್ದಳು. ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ಅವಳ ತಂದೆ ಬಂದು ಹೊಸ್ತಿಲಾಚೆ ನಿಂತರು. ಆ ಹೊತ್ತಿಗೆ ತಂದೆ ಮಗಳಿಬ್ಬರಿಗೂ ಕನ್ನಡ ಸಾಕಷ್ಟು ಬರುತ್ತಿತ್ತು. ಅಜ್ಜಿಯನ್ನು ಅವರು ಮಾತ್ರ ತಮ್ಮ ಭಾಷೆಯಲ್ಲಿ ಮಾಜಿ, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದರು.

"ಮಾಜಿ, ಇವತ್ತು ಒಂದು ಎಲೆ ಜಾಸ್ತಿ ಹಾಕಿ."

"ಯಾರಿಗಪ್ಪಾ?"

"ಇವಳ ಅಮ್ಮನಿಗೆ. ನಮ್ಮಲ್ಲೂ ಇದೇ ಹದಿನೈದು ದಿನ ಮಾಡ್ತಾರೆ. ಇಷ್ಟು ವರ್ಷ ನಾನು ಮಾಡಲಿಲ್ಲ. ಇನ್ನು ಸಾಕು ಮಾಜಿ. ಇನ್ನು ನನ್ನ ಕೈಲಿ ಆಗಲ್ಲ."

ಸಂತೋಷ್ ಎಲೆ ಕೆಳಗಿಟ್ಟಳು. ತಂದೆಯ ಹತ್ತಿರ ಅವಳು ಯಾವಾಗಲೂ ತಮ್ಮ ಭಾಷೆಯಲ್ಲೇ ಮಾತಾಡುತ್ತಿದ್ದಳು. ಆ ದಿನ ಮಾತ್ರ ನಮ್ಮೆಲ್ಲರಿಗೂ ಕೇಳಿಸಲಿ ಎನ್ನುವಂತೆ ಕನ್ನಡದಲ್ಲಿ ಕೇಳಿದಳು.

"ನೀವು ನೋಡಿದ್ರಾ ಪಿತಾಜಿ? ಅಮ್ಮ ಸತ್ತಿದ್ದು ನೀವು ನೋಡಿದ್ರಾ?"

ಅವರು ಇಲ್ಲ ಎಂದು ತಲೆಯಾಡಿಸಿದರು.

ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಅಜ್ಜಿ ಆ ಎಲೆಯನ್ನು ಹಾಕಲಿ ಎಂದು ನಾನು ಕಾಯುತ್ತಿದ್ದೆ. ಒಳಕೋಣೆಯಲ್ಲಿ ಅಮ್ಮನ ಎಲೆಯ ಪಕ್ಕ ಇನ್ನೊಂದು ಎಲೆ ಬಿದ್ದರೆ ಸಿದ್ದಣ್ಣ ಕೂಗುವುದು ನಿಲ್ಲುತ್ತದೆ, ಹೆಂಗಸರು ಕೇಳುವುದು ನಿಲ್ಲುತ್ತದೆ, ಇಬ್ಬರೂ ಒಂದೇ ಆಗುತ್ತೇವೆ.

ಅಜ್ಜಿ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಸಂತೋಷ್ ಅವಳ ಮುಂದೆ ಬಂದು ನಿಂತು, "ಎಡೆ ಇಟ್ರೆ ಆಮೇಲೆ ಅಮ್ಮ ಬರೋಕಾಗಲ್ವಾ ಅಜ್ಜಿ?" ಎಂದಳು.

"ನಿಮ್ಮಪ್ಪ ಸಂತೆಗೋದಾಗ ತಡ ಆದ್ರೆ ನಾನೇನ್ ಮಾಡ್ತೀನಿ, ಹೇಳು."

"ಊಟ ಮುಚ್ಚಿಡ್ತೀಯ."

"ಯಾತರಾಗೆ ಮುಚ್ಚಿಡ್ತೀನಿ?"

"ಕಂಚಿನ ತಟ್ಟೆ. ಬೆಕ್ಕು ಬರಬಾರ್ದು ಅಂತ ಮೇಲೆ ಗುಂಡುಕಲ್ಲು."

"ಮತ್ತೆ? ನಿಮ್ಮವ್ವಂಗೂ ತಡ ಆಗೈತೆ. ಮುಚ್ಚಿಡಾಣ." ಆಮೇಲೆ ಸೇಟುವಿನ ಕಡೆ ತಿರುಗಿ, "ನೀನು ಸಾಕು ಅನ್ನಂಗಿದ್ರೆ ನಿನ್ನ ಮನಸ್ನಾಗೆ ಅನ್ಕೊ ಕಣಪ್ಪ. ಕೂಸು ಇನ್ನೂ ಸಾಕು ಅಂದಿಲ್ಲ" ಎಂದಳು. ಅವರು ಅಲ್ಲೇ ಹೊಸ್ತಿಲ ಬಳಿ ಕೂತುಬಿಟ್ಟರು.

"ನಿಮ್ಮವ್ವಂಗೆ ಏನಿಷ್ಟ?" ಎಂದು ಅಜ್ಜಿ ಕೇಳಿದಳು.

"ಮೂಲಂಗಿ ರೊಟ್ಟಿ" ಎಂದಳು ಸಂತೋಷ್, ಯೋಚನೆಯೇ ಮಾಡದೆ.

ಗೋಧಿ ಹಿಟ್ಟು ನಮ್ಮ ಮನೆಯಲ್ಲಿ ಇರಲಿಲ್ಲ. ಅಜ್ಜಿ ಅಕ್ಕಿ ಹಿಟ್ಟಿಗೆ ಮೂಲಂಗಿ ತುರಿದು ಹಾಕಿ ತಟ್ಟಿದಳು. ಒಂದು ಹರಿಯಿತು, ಒಂದು ಸೀದುಹೋಯಿತು. ಸೇಟು ಎದ್ದು ಬಂದು ಹೇಗೆ ಮಾಡಬೇಕೆಂದು ಕೈಸನ್ನೆಯಲ್ಲಿ ಹೇಳಿಕೊಡಲು ಹೋಗಿ ಬೆರಳು ಸುಟ್ಟುಕೊಂಡರು. "ಸ್ವೆಟರ್ ಮಾರೋನಿಗ್ಯಾಕೆ ಹೆಂಚಿನ ಸವಾಸ, ಆಚೆ ಹೋಗು ಮಾರಾಯ" ಎಂದು ಅಜ್ಜಿ ಬೈದಳು. ಅವರು ಕಣ್ಣು ಒರೆಸಿಕೊಂಡು ನಕ್ಕರು. ಕಡೆಗೆ ಒಂದು ರೊಟ್ಟಿ ಮುರಿಯದೆ ಬಂತು. ಅದನ್ನು ಬಡಿಸಿ, ಮೇಲೆ ಕಂಚಿನ ತಟ್ಟೆ ಕವುಚಿ, ಗುಂಡುಕಲ್ಲು ಇಟ್ಟಳು.

ಸಂಜೆ ದೀಪ ಹಚ್ಚಿದ ಮೇಲೆ ಎಡೆಯಾಯಿತು. ತಾತನ ಎಲೆ, ಅಮ್ಮನ ಎಲೆ, ಅಮ್ಮನಿಗೆಂದು ತಂದ ಹಸಿರು ಸೀರೆ. ಕೈಮುಗಿದು ಹೊರಬಂದೆವು. ಅಪ್ಪ ಬಾಗಿಲು ಎಳೆದುಕೊಂಡರು. ಜಗಲಿಯಲ್ಲಿ ಎಲ್ಲರೂ ಸಾಲಾಗಿ ಕೂತೆವು. ನನ್ನ ಪಕ್ಕ ಸಂತೋಷ್. ನಾನು ಕೂತಲ್ಲಿಂದ ಎರಡೂ ಕಾಣುತ್ತಿದ್ದವು: ಒಂದು ಕಡೆ ಅಮ್ಮನ ಎಡೆಯಿದ್ದ ಒಳಕೋಣೆಯ ಮುಚ್ಚಿದ ಬಾಗಿಲು, ಇನ್ನೊಂದು ಕಡೆ ಒಲೆಯ ಪಕ್ಕ ಗುಂಡುಕಲ್ಲು ಹೊತ್ತ ತಟ್ಟೆ.

ಮಾತಾಡಬಾರದು ಎಂದು ಗೊತ್ತಿದ್ದೂ ನಾನು ಬಾಯಿಬಿಟ್ಟೆ. "ಅಜ್ಜೀ, ನಮ್ಮಮ್ಮಂಗೂ ಮುಚ್ಚಿಡು."

ಅಪ್ಪ ನನ್ನನ್ನು ನೋಡಿ ಮುಖ ತಿರುಗಿಸಿಕೊಂಡರು. ಅಜ್ಜಿ ಏನೋ ಹೇಳಲು ಹೋಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಉತ್ತರ ಕೊಟ್ಟವಳು ಸಂತೋಷ್.

"ನಿಮ್ಮಮ್ಮ ಎಲ್ಲಿ ಅಂತ ನಿಂಗೆ ಗೊತ್ತು" ಎಂದಳು. ಸಮಾಧಾನ ಹೇಳುವ ದನಿಯಲ್ಲ. ಅದು ನನಗೆ ಚೆನ್ನಾಗಿ ಪರಿಚಯವಿದ್ದ ದನಿ, ಅಷ್ಟು ದಿನ ನನ್ನೊಳಗೇ ಇದ್ದ ದನಿ. "ಮಳೆ ಬಂದ್ರೆ ನಿಮ್ಮಮ್ಮ ನೆನೆಯೋದು ಮರದ ಕೆಳಗೆ. ನಮ್ಮಮ್ಮ ಎಲ್ಲಿ ನೆನೀತಿದಾಳೆ? ಹೊದ್ಕೊಂಡ ತಕ್ಷಣ ನಿಂಗೆ ನಿದ್ದೆ ಬರುತ್ತೆ. ನಾನು ದಿನಾ ನೋಡ್ತೀನಿ."

ನನ್ನಲ್ಲಿ ಅಸೂಯೆಪಡುವಂಥದ್ದು ಏನಾದರೂ ಇದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವಳು ಹೊಂಗೆ ಮರದ ಕೆಳಗೆ ಬಂದು ಕೂರುತ್ತಿದ್ದದ್ದು ಅದಕ್ಕೇ. ಕೂತು ಮಾತಾಡಲು ಅವಳಿಗೆ ಒಂದು ಕಲ್ಲು ಕೂಡ ಇರಲಿಲ್ಲ.

ಅಪ್ಪ ಎದ್ದು ಬಾಗಿಲು ತಟ್ಟಿ ತೆರೆದರು. ಅಮ್ಮನ ಎಲೆಯಿಂದ ಕಳಲೆ ಪಲ್ಯ ತೆಗೆದು ಅಜ್ಜಿ ಮೊದಲು ನನ್ನ ಕೈಗೆ ಹಾಕಿದಳು.

ಬೆಳಿಗ್ಗೆ ಎದ್ದಾಗ ಗುಂಡುಕಲ್ಲು ಇಟ್ಟಲ್ಲೇ ಇತ್ತು. ಸಂತೋಷ್ ನನಗಿಂತ ಮುಂಚೆ ಎದ್ದು ಅದರ ಮುಂದೆ ಕೂತಿದ್ದಳು. "ಇವತ್ತಿಗೆ ತಣ್ಣಗಾಯ್ತು. ಇಬ್ರೂ ತಿಂದ್ಬುಡಿ. ಮುಂದುನ್ ವರ್ಸ ಮತ್ತೆ ಮಾಡಾಣ" ಎಂದಳು ಅಜ್ಜಿ. ಸಂತೋಷ್ ರೊಟ್ಟಿಯನ್ನು ಎರಡು ಮಾಡಿದಳು. ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿಯಾಗಿತ್ತು. ಅವಳು ಅಗಿದು ಅಗಿದು, "ಅಮ್ಮ ಮಾಡಿದ್ದು ಹೀಗಿರಲಿಲ್ಲ" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಆ ಗಳಿಗೆಯಲ್ಲೂ ನನ್ನ ಹೊಟ್ಟೆ ಉರಿಯಿತು. ಅವಳಿಗೆ ತಾಯಿಯ ಕೈ ರುಚಿ ನೆನಪಿತ್ತು. ನನಗೆ ನನ್ನಮ್ಮನದು ಒಂದು ತುತ್ತೂ ನೆನಪಿರಲಿಲ್ಲ.

ಆಮೇಲೆ ಹೊಂಗೆ ಮರದ ಕೆಳಗೆ ನಾವು ಇಬ್ಬರೂ ಹೋಗುತ್ತಿದ್ದೆವು. ಅವಳು ತನ್ನ ಭಾಷೆಯಲ್ಲಿ ಮಾತಾಡುವಳು, ನಾನು ಸುಮ್ಮನೆ ಕೂತಿರುತ್ತಿದ್ದೆ. ಮರುವರ್ಷದ ಹಬ್ಬದಲ್ಲೂ ತಟ್ಟೆ ಮುಚ್ಚಿಟ್ಟೆವು. ಅದರ ಮುಂದಿನ ಬೇಸಿಗೆಯಲ್ಲಿ ಅವಳ ತಂದೆಗೆ ದೆಹಲಿಯ ಕಡೆಯ ಸಂಬಂಧಿಕರು ಸಿಕ್ಕಿದರು. ಗಂಟು ಕಟ್ಟಿಕೊಂಡು ಕುಶಾಲನಗರಕ್ಕೆ ಹೋಗಿ ಮೈಸೂರಿನ ಬಸ್ಸು ಹತ್ತಿದರು. ಅವರು ಹೊರಡುವ ದಿನ ಸಿದ್ದಣ್ಣ ಬಂದು, "ನಿಮ್ಮವ್ವ ಈ ಕಡೆ ಬಂದ್ರೆ ದೆಹಲಿಗೋದ್ರು ಅಂತ ಹೇಳ್ತೀನಿ ಕಣವ್ವ" ಎಂದ. ಆ ಸಲ ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ.

ಮುಂದೆ ನಾನು ಮೈಸೂರಿನಲ್ಲಿ ಪತ್ರಿಕೆಯೊಂದರ ಡೆಸ್ಕಿನಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ಕಾಣೆಯಾದವರ ಸುದ್ದಿಗಳು ನನ್ನ ಕೈಯಲ್ಲಿ ಎಷ್ಟೋ ಹಾದುಹೋದವು. ಸಂತೋಷ್ ಏನಾದಳು, ಅವಳ ತಾಯಿ ಸಿಕ್ಕರೇ ಎಂಬುದು ಮಾತ್ರ ನನಗೆ ಇವತ್ತಿನವರೆಗೂ ತಿಳಿದಿಲ್ಲ.

ಅಜ್ಜಿ ಹೋದಳು, ಅಪ್ಪ ಹೋದರು. ಹಿರಿಯರ ಹಬ್ಬ ಈಗ ನನ್ನ ಮನೆಯಲ್ಲಿ. ಅವರೆಲ್ಲರ ಎಲೆಗಳ ಜೊತೆ ಅಮ್ಮನಿಗೂ ಎಡೆ ಇಡುತ್ತೇನೆ. ಅಡುಗೆಮನೆಯಲ್ಲಿ ಮೂಲಂಗಿ ರೊಟ್ಟಿ ಬಡಿಸಿ ಮುಚ್ಚಿಡುತ್ತೇನೆ, ಸಂತೋಷ್‌ಗೆಂದು. ಈಗ ಗೋಧಿ ಹಿಟ್ಟಿನಲ್ಲೇ ಮಾಡುತ್ತೇನೆ, ಮೆತ್ತಗೆ ಬರುತ್ತದೆ. ಬಾಗಿಲು ಮುಚ್ಚಿ ಹೊರಗೆ ಕೂತಾಗ ಆ ತಟ್ಟೆಯ ಕಡೆ ಕಣ್ಣು ಹೋಗುತ್ತದೆ. ಹತ್ತು ವರ್ಷದ ಹುಡುಗಿಯ ಹೊಟ್ಟೆಯುರಿ ಇನ್ನೂ ಆರಿಲ್ಲ. ಅಮ್ಮನ ಎಲೆಗೆ ಯಾರೂ ತಟ್ಟೆ ಮುಚ್ಚುವುದಿಲ್ಲ.